ಸೆಕೆಗೆ ಸುಂಕ ಕಟ್ಟು, ತಮ್ಮಾ

ತಮ್ಮಾ,

ಭಾನುವಾರ ಬೆಳಗ್ಗೆ ನೀನು ಕಳಿಸಿದ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ಹದಿನಾರು ಮೈಲಿ ಅಂತ ಹೊರಟವನು ಹನ್ನೊಂದಕ್ಕೇ ನಿಂತುಬಿಟ್ಟೆಯಂತೆ, ಉಳಿದ ದಾರಿ ನಡೆದುಕೊಂಡು ಬಂದೆಯಂತೆ. "ಕಾಲು ಕೈಕೊಟ್ಟವು ಅಂಕಲ್" ಅಂದೆ. ನಮ್ಮ ಭಾಷೆಯಲ್ಲಿ ಮಾತ್ರ ಕಾಲು ಕೈಕೊಡಬಲ್ಲದು ಅಂತ ನಗು ಬಂತು. ಮುಂದಿನ ಮಾತು ಕೇಳಿ ಆ ನಗು ಹೋಯಿತು. "ಮಾರ್ಚ್‌ನಲ್ಲಿ ಇದೇ ದಾರಿಯಲ್ಲಿ ಇದಕ್ಕಿಂತ ಜೋರಾಗಿ ಹದಿನೆಂಟು ಓಡಿದ್ದೆ. ನಾಲ್ಕು ತಿಂಗಳು ಬೆವರು ಸುರಿಸಿ ಹಿಂದಕ್ಕೆ ಹೋದೆನಾ? ಬೋಸ್ಟನ್ ಮ್ಯಾರಥಾನ್ ನನ್ನ ಹಣೆಯಲ್ಲಿ ಬರೆದಿಲ್ಲವೇನೋ."

ಫೋನಿನಲ್ಲಿ ಉತ್ತರ ಕೊಡಹೋದರೆ ನೀನು ನಡುನಡುವೆ ಬಾಯಿ ಹಾಕುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಕೋಚ್ ಅಲ್ಲ, ಡಾಕ್ಟರೂ ಅಲ್ಲ. ಹ್ಯೂಸ್ಟನ್ನಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಬೇಸಿಗೆ ಓಡಿದವನು, ಅದರಲ್ಲಿ ಹೆಚ್ಚಿನವನ್ನು ತಪ್ಪಾಗಿ ಓಡಿದವನು. ಅಷ್ಟೇ ನನ್ನ ಅಧಿಕಾರ.

ಮೊದಲು ಲೆಕ್ಕ. ಆ ಭಾನುವಾರ ಬೆಳಗ್ಗೆ ಆರು ಗಂಟೆಗೆ ನನ್ನ ಫೋನು ತೋರಿಸುತ್ತಿದ್ದ ತಾಪಮಾನ 79 ಡಿಗ್ರಿ ಫ್ಯಾರನ್‌ಹೀಟ್. ನೀನು ಅದನ್ನು ನೋಡಿ, ಸಿರುಗುಪ್ಪದ ಹುಡುಗನಿಗೆ ಇದು ಯಾವ ಲೆಕ್ಕ ಅಂದುಕೊಂಡು ಹೊರಟಿರುತ್ತೀ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಅಂಕಿ ಇತ್ತು: ಇಬ್ಬನಿ ಬಿಂದು, ಅಂದರೆ ಗಾಳಿಯಲ್ಲಿರುವ ತೇವದ ಅಳತೆ, 76. ನಿನ್ನನ್ನು ಹನ್ನೊಂದನೇ ಮೈಲಿಗೆ ನಿಲ್ಲಿಸಿದ್ದು ಆ ಅಂಕಿ.

ಕನ್ನಡದಲ್ಲಿ ಬಿಸಿಲು ಬೇರೆ, ಝಳ ಬೇರೆ, ಧಗೆ ಬೇರೆ, ಸೆಕೆ ಬೇರೆ. ಇಂಗ್ಲಿಷಿನವರು ಎಲ್ಲಕ್ಕೂ ಹೀಟ್ ಅಂದುಬಿಡುತ್ತಾರೆ. ನಾವೂ ಇಲ್ಲಿಗೆ ಬಂದ ಮೇಲೆ ಹಾಗೇ ಅನ್ನುವುದು ಕಲಿತು, ಇದ್ದ ಬುದ್ಧಿಯನ್ನು ಕಳೆದುಕೊಂಡೆವು. ನೀನೂ ನಾನೂ ಬೆಳೆದದ್ದು ಬಿಸಿಲಲ್ಲಿ. ಹ್ಯೂಸ್ಟನ್ನಿನಲ್ಲಿ ಇರುವುದು ಸೆಕೆ.

ಬಳ್ಳಾರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಮಣ್ಣಿನ ಗಡಿಗೆ ಇರುತ್ತಿತ್ತು. ಏಪ್ರಿಲ್ ಮಧ್ಯಾಹ್ನ ಹೊರಗೆ ಕಾಲಿಟ್ಟರೆ ಅಂಗಾಲು ಸುಡುವಾಗಲೂ ಅದರ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ. ಓದಲಿಕ್ಕೆಂದು ಕರಾವಳಿಗೆ ಹೋದ ಮೊದಲ ವರ್ಷ ಅಂಥದೇ ಗಡಿಗೆ ಕೊಂಡು ರೂಮಿನ ಮೂಲೆಯಲ್ಲಿಟ್ಟೆ. ದಿನ ಕಳೆದರೂ ನೀರು ತಣ್ಣಗಾಗಲಿಲ್ಲ. ಗಡಿಗೆ ಮಾರಿದವನಿಗೆ ಮೋಸಗಾರ ಅಂತ ಬೈದು ಬಂದೆ. ಪಾಪ, ತಪ್ಪು ಅವನದಲ್ಲ. ಗಡಿಗೆಯ ಹೊರಮೈಗೆ ಜಿನುಗಿದ ನೀರು ಆವಿಯಾಗಿ ಹೋಗುವಾಗ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ, ಒಳಗಿನ ನೀರು ತಣಿಯುತ್ತದೆ. ಗಾಳಿಯೇ ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡಿದ್ದರೆ ಜಿನುಗಿದ್ದು ಎಲ್ಲಿಗೆ ಹೋಗಬೇಕು? ಅಲ್ಲೇ ಹನಿಯಾಗಿ ನೆಲಕ್ಕೆ ಬೀಳುತ್ತದೆ.

ನಿನ್ನ ಮೈಯೂ ಅಂಥ ಒಂದು ಗಡಿಗೆ. ಓಡುವಾಗ ದೇಹ ಸುಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಬರಿಯ ಶಾಖವಾಗುತ್ತದೆ, ಕಾಲು ಪಾಲು ಮಾತ್ರ ನಿನ್ನನ್ನು ಮುಂದಕ್ಕೆ ತಳ್ಳುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲರಿ ಶಾಖವನ್ನು ಕಿತ್ತುಕೊಂಡು ಹೋಗುತ್ತದೆ, ದೇವರು ಕೊಟ್ಟ ಏರ್‌ಕಂಡೀಷನರ್ ಅದು. ಆದರೆ ಬೂಟಿನೊಳಗೆ ಇಳಿದು ಚಪ್ ಚಪ್ ಅನ್ನುವ ಬೆವರು ನಿನ್ನನ್ನು ಒಂದಿಷ್ಟೂ ತಣಿಸಿಲ್ಲ. ನೀರೂ ಹೋಯಿತು, ಉಪ್ಪೂ ಹೋಯಿತು, ಶಾಖ ಮಾತ್ರ ಒಳಗೇ ಉಳಿಯಿತು.

"ಸೂರ್ಯ ಹುಟ್ಟುವ ಮೊದಲೇ ಹೊರಟಿದ್ದೆನಲ್ಲ" ಅಂತ ನೀನು ಕೇಳುವುದು ನನಗೆ ಗೊತ್ತು. 2019ರ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ಕತಾರಿನ ದೋಹಾದಲ್ಲಿ ನಡೆಯಿತು. ಬಿಸಿಲಿಗೆ ಹೆದರಿ ಮಹಿಳೆಯರ ಮ್ಯಾರಥಾನನ್ನು ನಡುರಾತ್ರಿಗೆ ಇಟ್ಟರು. ಹೊರಟವರು 68 ಜನ, ಮುಗಿಸಲಾಗದೆ ನಿಂತವರು 28. ಎಲ್ಲರೂ ಲೋಕದ ಅತ್ಯುತ್ತಮ ಓಟಗಾರ್ತಿಯರು. ಗೆದ್ದ ಕೀನ್ಯಾದ ರೂತ್ ಚೆಪ್‌ಂಗೆಟಿಚ್ ಅವರಿಗೂ 2 ಗಂಟೆ 32 ನಿಮಿಷ 43 ಸೆಕೆಂಡ್ ಹಿಡಿಯಿತು. ಅಲ್ಲಿ ಸೂರ್ಯನಿರಲಿಲ್ಲ, ಸೆಕೆ ಇತ್ತು.

ಈಗ ನಮ್ಮ ಓಟಗಾರರಲ್ಲಿ ಓಡಾಡುವ ಒಂದು ಸರಳ ಲೆಕ್ಕ ಹೇಳುತ್ತೇನೆ. ತಾಪಮಾನವನ್ನೂ ಇಬ್ಬನಿ ಬಿಂದುವನ್ನೂ ಫ್ಯಾರನ್‌ಹೀಟಿನಲ್ಲಿ ಕೂಡಿಸು. ಮೊತ್ತ 100ರ ಒಳಗಿದ್ದರೆ ಸುಂಕವಿಲ್ಲ. 130ರ ಹೊತ್ತಿಗೆ ವೇಗದಲ್ಲಿ ಶೇಕಡ 2 ಬಿಟ್ಟುಕೊಡು. 150 ದಾಟಿದರೆ ನಾಲ್ಕೂವರೆಯಿಂದ ಆರು. 170 ದಾಟಿದರೆ ಎಂಟರಿಂದ ಹತ್ತು. 180 ದಾಟಿದರೆ ಜೋರು ಓಟದ ಸುದ್ದಿಯೇ ಬೇಡ. ಇದು ವೇದವಾಕ್ಯವಲ್ಲ, ಅಂದಾಜು. ಆದರೂ ನನ್ನ ಡೈರಿಯ ಹಳೆಯ ಪುಟಗಳಿಗೆ ಹಚ್ಚಿ ನೋಡಿದರೆ ಬಹುಮಟ್ಟಿಗೆ ಹೊಂದುತ್ತದೆ. ನಿನ್ನ ಭಾನುವಾರದ ಮೊತ್ತ 155. ಮೈಲಿಗೆ 6 ನಿಮಿಷ 40 ಸೆಕೆಂಡಿನ ಪೇಸ್ ಗುರಿ ಇಟ್ಟುಕೊಂಡವನು ಅಂಥ ದಿನ ಮೈಲಿಗೆ 18ರಿಂದ 24 ಸೆಕೆಂಡ್ ಸುಂಕ ಕಟ್ಟಲೇಬೇಕು. ನಿಧಾನದ ಲಾಂಗ್ ರನ್ನಿಗೆ ಇನ್ನೂ ಹೆಚ್ಚು ಬಿಡಬೇಕು ಅಂತ ನನ್ನ ಅನುಭವ, ಯಾಕೆಂದರೆ ಎರಡೂವರೆ ಗಂಟೆಯಲ್ಲಿ ಶಾಖ ಮೈಯಲ್ಲಿ ಕೂಡುತ್ತಲೇ ಹೋಗುತ್ತದೆ. ಮಾರ್ಚ್‌ನ ಒಳ್ಳೆಯ ಬೆಳಗ್ಗೆ ತಾಪಮಾನ 55, ಇಬ್ಬನಿ ಬಿಂದು 45; ಕೂಡಿದರೆ 100. ಅವತ್ತು ಗೇಟು ತೆರೆದಿತ್ತು. ಈಗ ಸುಂಕದ ಕಟ್ಟೆಯಲ್ಲಿ ಮನುಷ್ಯ ಕೂತಿದ್ದಾನೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಪ್ರಯೋಜನ? ಕಟ್ಟಿ ಮುಂದೆ ಹೋಗು.

ನೀನು ಹಿಂದಕ್ಕೆ ಹೋಗಿಲ್ಲ ತಮ್ಮಾ. ಮಾರ್ಚ್‌ನ ಪೇಸನ್ನು ಜುಲೈನಲ್ಲಿ ಹುಡುಕಲು ಹೋಗಿ ಸಿಕ್ಕಿಬಿದ್ದಿದ್ದೀ, ಅಷ್ಟೇ.

ಒಳಗೆ ಏನಾಗುತ್ತದೆ ಅನ್ನುವುದನ್ನು ನಿನಗೆ ಹೇಳುವುದು ಸುಲಭ, ಯಾಕೆಂದರೆ ನೀನು ತುಂಗಭದ್ರಾ ಕಾಲುವೆಯ ನೀರು ಕುಡಿದು ಬೆಳೆದವನು. ಡ್ಯಾಮ್ ಒಂದು, ಕಾಲುವೆ ಹಲವು. ನೀರು ಕಡಿಮೆ ಇದ್ದ ವರ್ಷ ಮೇಲಿನವರು ಗೇಟು ಎತ್ತಿಕೊಂಡರೆ ಕೊನೆ ಭಾಗದ ರೈತರ ಗದ್ದೆಗೆ ಏನು ಗತಿ ಅಂತ ನನಗಿಂತ ನಿನಗೆ ಗೊತ್ತು. ಮೈಯಲ್ಲಿ ರಕ್ತವೂ ಹಾಗೆ. ತಂಪಿನಲ್ಲಿ ಹೆಚ್ಚಿನ ಪಾಲು ಸ್ನಾಯುಗಳಿಗೆ ಹೋಗುತ್ತದೆ. ಸೆಕೆಯಲ್ಲಿ ಶಾಖವನ್ನು ಹೊರಹಾಕಲಿಕ್ಕೆ ಚರ್ಮವೂ ರಕ್ತ ಕೇಳುತ್ತದೆ. ಅದೇ ಹೊತ್ತಿಗೆ ಬೆವರಿನಿಂದ ಡ್ಯಾಮಿನ ಮಟ್ಟ ಇಳಿಯುತ್ತಿರುತ್ತದೆ. ಹೃದಯ ಎರಡೂ ಕಡೆ ಸಂಭಾಳಿಸಲು ಬಡಿತ ಏರಿಸುತ್ತದೆ. ಪೇಸ್ ಅದೇ ಇದ್ದರೂ ಮೂರನೇ ಮೈಲಿಗೆ 145 ಇದ್ದ ಬಡಿತ ಹತ್ತನೆಯದಕ್ಕೆ 168 ಆದರೆ ಗಡಿಯಾರ ಕೆಟ್ಟಿದೆ ಅಂದುಕೊಳ್ಳಬೇಡ. ನಿನ್ನ ಮೀನಖಂಡಗಳು ಕಾಲುವೆಯ ಕೊನೆ ಭಾಗದ ರೈತರು. ಹನ್ನೊಂದನೇ ಮೈಲಿಗೆ ಅವರು ಧರಣಿ ಕೂತರು.

ಇದರಲ್ಲೇ ಸಂತೋಷದ ಸುದ್ದಿಯೂ ಇದೆ. ಬೇಸಿಗೆಯಲ್ಲಿ ಮೆತ್ತಗೆ, ದಿನಾ, ಓಡುತ್ತಾ ಹೋದರೆ ಡ್ಯಾಮೇ ದೊಡ್ಡದಾಗುತ್ತದೆ. ಮೊದಲ ವಾರದಲ್ಲೇ ರಕ್ತದ ದ್ರವಭಾಗ ಹೆಚ್ಚುತ್ತದೆ. ಹತ್ತು ಹದಿನಾಲ್ಕು ದಿನಕ್ಕೆ ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿನ ಉಪ್ಪು ಕಡಿಮೆಯಾಗುತ್ತದೆ, ಅದೇ ಪೇಸಿಗೆ ಬಡಿತ ಇಳಿಯುತ್ತದೆ. ಇದು ಹುಟ್ಟಿನಿಂದ ಬರುವ ಆಸ್ತಿಯಲ್ಲ, ಎರಡು ಮೂರು ವಾರ ಬಿಟ್ಟರೆ ಬಹುಪಾಲು ಕರಗಿಹೋಗುತ್ತದೆ. ಬಳ್ಳಾರಿಯಲ್ಲಿ ಹುಟ್ಟಿದ್ದು, ಚಿಕ್ಕಂದಿನಲ್ಲಿ ಮಾಳಿಗೆ ಮೇಲೆ ಮಲಗಿದ್ದು, ಯಾವುದೂ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ವರ್ಷದ ಎಂಟು ತಿಂಗಳು ಏಸಿ ಕಾರಿನಿಂದ ಏಸಿ ಆಫೀಸಿಗೆ ಹೋಗುವ ಮೈಗೆ ಊರಿನ ನೆನಪೆಲ್ಲಿಂದ ಬರಬೇಕು? ಜೂನ್‌ನಲ್ಲಿ ನೀನು ಊರಿಗೆಂದು ಎರಡು ವಾರ ಹೋಗಿ, ಓಡದೆ, ಹೋಳಿಗೆ ಹೊಡೆದು ಬಂದೆಯಲ್ಲ, ಆ ಎರಡು ವಾರದ ಬಾಕಿಯೂ ಭಾನುವಾರದ ಲೆಕ್ಕದಲ್ಲಿದೆ.

ನನ್ನ ಕಥೆ ನಿನಗೆ ಅರ್ಧ ಗೊತ್ತು. ಬೋಸ್ಟನ್ನಿನಲ್ಲಿ ತೆಗೆದ ಫೋಟೊ ನೋಡಿದ್ದೀ. ಅದರ ಹಿಂದಿನದು ಹೇಳಿಲ್ಲ.

2022ರ ಬೇಸಿಗೆ. ಬೋಸ್ಟನ್ನಿನ ಅರ್ಹತೆಗೆ ನನ್ನ ವಯೋಮಾನದವರಿಗೆ ಬೇಕಾಗಿದ್ದದ್ದು 3 ಗಂಟೆ 35 ನಿಮಿಷ. ಹೆಚ್ಚುವರಿ ಇರಲಿ ಅಂತ 3:28 ಗುರಿ ಇಟ್ಟುಕೊಂಡೆ, ಅಂದರೆ ಮೈಲಿಗೆ 7:56. ಆ ಅಂಕಿಯನ್ನು ಮಂತ್ರದ ಹಾಗೆ ಹಿಡಿದುಕೊಂಡೆ. ಆಗಸ್ಟ್‌ನಲ್ಲೂ ವಾರಕ್ಕೆ ಎರಡು ದಿನ ಅದೇ ಪೇಸಿನಲ್ಲಿ ಓಡಲೇಬೇಕು ಅಂತ ಹಟ. ಓಟಗಾರರ ಸ್ಟ್ರಾವಾ ಆ್ಯಪ್‌ನಲ್ಲಿ ಹಾಕಿದರೆ ನಾಲ್ಕು ಜನ ಹೆಬ್ಬೆರಳು ಎತ್ತುತ್ತಿದ್ದರು. ಐವತ್ತು ದಾಟಿದ ಗಂಡಸಿಗೂ ಆ ಹೆಬ್ಬೆರಳಿನ ಚಪಲ ಇರುತ್ತದೆ, ನಗಬೇಡ. ಒಂದು ಶನಿವಾರ ಮೆಮೋರಿಯಲ್ ಪಾರ್ಕಿನ ಸುತ್ತಿನಲ್ಲಿ ಹದಿನಾಲ್ಕನೇ ಮೈಲಿಗೆ ಮೈಯೆಲ್ಲ ರೋಮಾಂಚನವಾಯಿತು. ಭಕ್ತಿಯಿಂದಲ್ಲ. ಸುತ್ತ ಬೆಂಕಿಯಂಥ ಸೆಕೆ, ನನಗೆ ಮಾತ್ರ ಚಳಿ. ಬೆಂಚಿನ ಮೇಲೆ ಕೂತೆ. ಕಾರು ಎಲ್ಲಿ ನಿಲ್ಲಿಸಿದ್ದೆ ಅಂತ ನೆನಪಾಗಲಿಲ್ಲ. ಜೊತೆಗೆ ಓಡುತ್ತಿದ್ದ ಮೆಕ್ಸಿಕನ್ ಗೆಳೆಯ ನನ್ನ ಮುಖ ನೋಡಿದ್ದೇ ತಡ, ಮಾತಾಡದೆ ತನ್ನ ಐಸ್ ಡಬ್ಬಿಯ ನೀರನ್ನೆಲ್ಲ ನನ್ನ ತಲೆ, ಕತ್ತು, ಕಂಕುಳಿಗೆ ಸುರಿದ. ನೆರಳಿಗೆ ಎಳೆದುಕೊಂಡು ಹೋದ. ಅರ್ಧ ಗಂಟೆಗೆ ಸರಿಹೋದೆ. ಮನೆಯಲ್ಲಿ ಹೇಳಲಿಲ್ಲ. ನಿನ್ನ ಆಂಟಿಗೆ ಇವತ್ತಿಗೂ ಗೊತ್ತಿಲ್ಲ, ಇದನ್ನು ಓದಿದರೆ ಗೊತ್ತಾಗುತ್ತದೆ.

ಅಷ್ಟಾದರೂ ಬುದ್ಧಿ ಬರಲಿಲ್ಲ. ಹಟ ಬಿಡದೆ ಸೆಪ್ಟೆಂಬರ್ ಮುಗಿಸಿದೆ. ಡಿಸೆಂಬರ್‌ನಲ್ಲಿ ಸ್ಯಾಕ್ರಮೆಂಟೊದ ಕ್ಯಾಲಿಫೋರ್ನಿಯಾ ಇಂಟರ್‌ನ್ಯಾಷನಲ್ ಮ್ಯಾರಥಾನಿಗೆ ಹೋಗಿ ನಿಂತಾಗ ಕಾಲಲ್ಲಿ ಜೀವವಿರಲಿಲ್ಲ. ವೇಗವನ್ನೆಲ್ಲ ಆಗಸ್ಟ್‌ನಲ್ಲೇ ಖರ್ಚು ಮಾಡಿದ್ದೆ. 3:31:40. ಅರ್ಹತೆ ಸಿಕ್ಕಿತು ಅಂತ ಮನೆಯಲ್ಲಿ ಪಾಯಸ ಆಯಿತು. ಮುಂದಿನ ಸೆಪ್ಟೆಂಬರ್‌ನಲ್ಲಿ ಅರ್ಜಿ ಹಾಕಿದರೆ, ಆ ವರ್ಷ ಅರ್ಜಿಗಳು ಹೆಚ್ಚಾಗಿ, ಅರ್ಹತೆಯ ಸಮಯಕ್ಕಿಂತ 5 ನಿಮಿಷ 29 ಸೆಕೆಂಡ್ ಬೇಗ ಓಡಿದವರಿಗಷ್ಟೇ ಬಾಗಿಲು. ನಾನು ಹೊರಗುಳಿದೆ, ಎರಡು ನಿಮಿಷ ಒಂಬತ್ತು ಸೆಕೆಂಡಿಗೆ. ಪಾಯಸ ಉಂಡವರಿಗೆ ಏನು ಹೇಳುವುದು?

ಇದನ್ನು ಯಾಕೆ ಹೇಳಿದೆ ಅಂದರೆ, ನಿನ್ನ ಗುರಿಯ ಅಂಕಿಯೂ ಸರಿಯಿರಲಿ. ನಿನ್ನ ವಯಸ್ಸಿಗೆ, 35ರಿಂದ 39ರ ಗಂಡಸರಿಗೆ, 2026ರ ಓಟದಿಂದ ಐದು ನಿಮಿಷ ಬಿಗಿ ಮಾಡಿ 3 ಗಂಟೆ ಮಾಡಿದ್ದಾರೆ. 1970ರಲ್ಲಿ ಮೊದಲ ಸಲ ಅರ್ಹತೆ ಅಂತ ಇಟ್ಟಾಗ ನಾಲ್ಕು ಗಂಟೆಯೊಳಗೆ ಮುಗಿಸಬಲ್ಲವರಾದರೆ ಸಾಕು ಅನ್ನುತ್ತಿದ್ದರು. ಆ ಕಾಲ ಹೋಯಿತು. 3 ಗಂಟೆಗೆ ಓಡಿದರೆ ಅರ್ಜಿ ಹಾಕಬಹುದು, ಅಷ್ಟೇ. 2024ಕ್ಕೆ 5:29, 2025ಕ್ಕೆ 6:51, 2026ಕ್ಕೆ 4:34, ಅಷ್ಟಷ್ಟು ಬೇಗ ಓಡಿದವರಿಗೆ ಮಾತ್ರ ಜಾಗ ಸಿಕ್ಕಿತು. ಹಾಗಾಗಿ ನಿನ್ನ ಗುರಿ 2:59 ಅಲ್ಲ, 2:54 ಅಂತಿಟ್ಟುಕೋ. ಈ ಡಿಸೆಂಬರ್‌ನಲ್ಲಿ ಓಡಿದ್ದಕ್ಕೆ ಬರುವ ಸೆಪ್ಟೆಂಬರ್‌ನಲ್ಲಿ ಅರ್ಜಿ, ಅದರ ಮುಂದಿನ ಏಪ್ರಿಲ್‌ನಲ್ಲಿ ಬೋಸ್ಟನ್. ಡಿಸೆಂಬರ್‌ನಿಂದ ಲೆಕ್ಕ ಹಾಕಿದರೂ ಹದಿನಾರು ತಿಂಗಳ ಆಟ ಇದು. ಜುಲೈನ ಒಂದು ಭಾನುವಾರ ಇದರಲ್ಲಿ ಎಷ್ಟು ದೊಡ್ಡದು?

ಮತ್ತೆ ನನ್ನ ಕಥೆಗೆ ಬರುತ್ತೇನೆ. ಮರುವರ್ಷ, 2023. ಹ್ಯೂಸ್ಟನ್ ಮಂದಿ ಮರೆಯಲಾಗದ ಬೇಸಿಗೆ. ಹಿಂದಿನದಕ್ಕಿಂತ ಇನ್ನೂ ಸುಟ್ಟಿತು. ಆ ವರ್ಷ ನಾನು ಗಡಿಯಾರದ ಪರದೆಯಿಂದ ಪೇಸನ್ನೇ ತೆಗೆದುಹಾಕಿದೆ. ಬಡಿತ ಮತ್ತು ಹೊತ್ತು, ಎರಡೇ ಕಾಣುವ ಹಾಗೆ ಮಾಡಿಕೊಂಡೆ. ಹದಿನಾರು ಮೈಲಿ ಓಡು ಅನ್ನುವ ಬದಲು ಎರಡೂವರೆ ಗಂಟೆ ಓಡು ಅಂದುಕೊಂಡೆ. ಮನೆಗೆ ಬಂದು ನೋಡಿದರೆ ಮೈಲಿಗೆ ಹತ್ತೂಕಾಲು ನಿಮಿಷ! ನಾಚಿಕೆಯಾಗುತ್ತಿತ್ತು. ಸ್ಟ್ರಾವಾಕ್ಕೆ ಹಾಕುವುದನ್ನು ನಿಲ್ಲಿಸಿದೆ, ನಾಚಿಕೆಯೂ ನಿಂತಿತು. ಡಿಸೆಂಬರ್‌ನಲ್ಲಿ ಅದೇ ಸ್ಯಾಕ್ರಮೆಂಟೊದಲ್ಲಿ 3:26:50. ಮೈಲಿಗೆ 7:53. ಇಡೀ ಬೇಸಿಗೆ ಹೊರಗೆ ಒಂದು ಮೈಲಿಯನ್ನೂ ಆ ಪೇಸಿನಲ್ಲಿ ಓಡಿರಲಿಲ್ಲ.

ಹೊರಗೆ ಅಂದೆ, ಗಮನಿಸು. ಒಳಗೆ ಓಡಿದ್ದೆ. ವಾರಕ್ಕೊಂದು ದಿನ ಜಿಮ್ಮಿನ ಟ್ರೆಡ್‌ಮಿಲ್ ಮೇಲೆ, ಏಸಿಯಲ್ಲಿ, ಎದುರಿಗೆ ದೊಡ್ಡ ಫ್ಯಾನ್ ಇಟ್ಟುಕೊಂಡು, ಗುರಿಯ ಪೇಸಿನಲ್ಲಿ ಆರೇಳು ಮೈಲಿ. ಕಾಲಿಗೆ ವೇಗದ ನೆನಪು ಬಿಟ್ಟುಹೋಗದಿರಲಿ ಅಂತ. ಟ್ರೆಡ್‌ಮಿಲ್ ಓಟಗಾರನಿಗೆ ಅವಮಾನ ಅನ್ನುವವರು ಇದ್ದಾರೆ. ಇರಲಿ. ಫ್ಯಾನ್ ಮರೆಯಬೇಡ, ನಿಂತಲ್ಲೇ ಓಡುವವನಿಗೆ ಗಾಳಿಯಿಲ್ಲದಿದ್ದರೆ ಏಸಿಯಲ್ಲೂ ಬೆವರು ಆರದು. ಉಳಿದ ದಿನಗಳನ್ನೆಲ್ಲ ಸೆಕೆಗೇ ಕೊಡು, ಪಕ್ಕದವನ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಬಲ್ಲಷ್ಟು ಮೆಲ್ಲಗೆ. ಯಾರೂ ಇಲ್ಲದಿದ್ದರೆ ಹಾಡು ಗುನುಗು. ಗುನುಗಲಾಗದಿದ್ದರೆ ಜೋರಾಯಿತು ಅಂತ ಅರ್ಥ.

ಹೊತ್ತಿನ ವಿಷಯ. ಬೆಳಗಿನ ಜಾವ ನಾಲ್ಕೂವರೆಗೆ ಕಾಲು ಹೊರಗಿಡಬೇಕು. ಸಂಜೆ ಬೇಡ, ಹಗಲೆಲ್ಲ ಕಾದ ಡಾಂಬರು ರಾತ್ರಿಯವರೆಗೂ ಉಗುಳುತ್ತಿರುತ್ತದೆ. ನಾಲ್ಕಕ್ಕೆ ಏಳಬೇಕಾದರೆ ಒಂಬತ್ತಕ್ಕೆ ಮಲಗಬೇಕು. ನಿನ್ನ ಮನೆಯಲ್ಲಿ ಎರಡು ವರ್ಷದ ಮಗುವಿದೆ, ನಿನ್ನ ಹೆಂಡತಿಗೂ ಕೆಲಸವಿದೆ. ಅವಳನ್ನು ಕೇಳದೆ ಅಲಾರಂ ಇಡಬೇಡ. ನಾನು ಆ ತಪ್ಪು ಮಾಡಿದ್ದೇನೆ, ವಿವರ ಬೇಡ. ಐದು ಗಂಟೆ ನಿದ್ದೆ ಮಾಡಿ ಓಡುವುದಕ್ಕಿಂತ ಅವತ್ತು ಓಡದೆ ಮಲಗುವುದು ಒಳ್ಳೆಯದು.

ದಾರಿ ಉದ್ದ ಹಿಡಿಯಬೇಡ, ಸುತ್ತು ಹಿಡಿ. ನೀನು ಮನೆಯಿಂದ ಎಂಟು ಮೈಲಿ ದೂರ ಹೋಗಿ ತಿರುಗುತ್ತೀ; ಅಲ್ಲಿ ಸೋತರೆ ಗತಿಯೇನು? ಮೆಮೋರಿಯಲ್ ಪಾರ್ಕಿನ ಸುತ್ತು ಸುಮಾರು ಮೂರು ಮೈಲಿ, ಮಣ್ಣುಹಾದಿ, ಪೈನ್ ಮರದ ನೆರಳು, ನಡುನಡುವೆ ನಲ್ಲಿ. ಕಾರಿನ ಪಕ್ಕ ಐಸ್ ಡಬ್ಬಿ ಇಟ್ಟು ಪ್ರತಿ ಸುತ್ತಿಗೊಮ್ಮೆ ಟೋಪಿಯೊಳಗೆ ಒಂದು ಹಿಡಿ ಐಸ್ ತುಂಬಿಕೋ, ಕತ್ತಿಗೆ ಒದ್ದೆ ಬಟ್ಟೆ ಸುತ್ತಿಕೋ. ಒಂದು ಜೊತೆ ಒಣ ಕಾಲುಚೀಲ ಇರಲಿ. ತೊಡೆಗೂ ಕಂಕುಳಿಗೂ ವ್ಯಾಸಲೀನ್ ಹಚ್ಚಿಕೊಳ್ಳುವುದನ್ನು ಹೇಳಬೇಕಾಗಿಲ್ಲ, ಒಂದು ಸಲ ಸ್ನಾನಕ್ಕೆ ಹೋಗಿ ಕಿರುಚಿದವನು ಮತ್ತೆ ಮರೆಯುವುದಿಲ್ಲ.

ನೀರಿನ ವಿಷಯದಲ್ಲಿ ಮಾತ್ರ ನಮ್ಮವರಿಗೆ ಒಂದು ಭ್ರಮೆ, ಎಷ್ಟು ಕುಡಿದರೆ ಅಷ್ಟು ಒಳ್ಳೆಯದು ಅಂತ. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿ ನೋಡಿದರೆ ಶೇಕಡ 13 ಜನರಲ್ಲಿ ಸೋಡಿಯಂ ಇರಬೇಕಾದ್ದಕ್ಕಿಂತ ಕಡಿಮೆ ಇತ್ತು. ಅಂಥವರಲ್ಲಿ ಓಟದ ಕೊನೆಗೆ ತೂಕ ಇಳಿಯುವ ಬದಲು ಏರಿದವರೇ ಹೆಚ್ಚು, ಅಷ್ಟು ನೀರು ಕುಡಿದಿದ್ದರು. ಅದೇ ವರ್ಷ ಆ ಓಟದಲ್ಲಿ ಒಬ್ಬ ಹೆಣ್ಣುಮಗಳು ಹೀಗೇ ಪ್ರಾಣ ಕಳೆದುಕೊಂಡರು. ಆದ್ದರಿಂದ ತೂಕದ ಯಂತ್ರವನ್ನು ನಂಬು. ಓಡುವ ಮೊದಲು, ಓಡಿದ ಮೇಲೆ, ಬೆವರು ಒರೆಸಿ ತೂಗಿಕೋ. ಒಂದು ಕಿಲೋ ಇಳಿದರೆ ಹೆಚ್ಚುಕಡಿಮೆ ಒಂದು ಲೀಟರ್ ಹೋಗಿದೆ. ಸ್ವಲ್ಪ ಇಳಿಯುವುದು ಸಹಜ, ಏರಬಾರದು. ಬಾಯಾರಿದಾಗ ಕುಡಿ, ಉಪ್ಪು ಸೇರಿಸಿ ಕುಡಿ. ನಿನ್ನ ಕಪ್ಪು ಬನಿಯನ್ ಮೇಲೆ ಬಿಳಿ ಗೆರೆ ಬರುತ್ತದಲ್ಲ, ಅದು ನೀನು ಕಳೆದುಕೊಂಡ ಉಪ್ಪು. ಓಡಿ ಬಂದ ಮೇಲೆ ದೊಡ್ಡ ಲೋಟದ ತುಂಬ ಉಪ್ಪು ಹಾಕಿದ ನೀರುಮಜ್ಜಿಗೆ, ಅದಕ್ಕೆ ಜೊತೆಯಾಗಿ ಅನ್ನ. ಇದು ಊರಿನ ಅಭಿಮಾನದಿಂದ ಹೇಳುವುದಲ್ಲ. ನೀರು, ಉಪ್ಪು, ಪ್ರೋಟೀನು ಮೂರೂ ಅದರಲ್ಲಿವೆ, ಡಾಲರಿಗೊಂದು ಪ್ಯಾಕೆಟ್ ಪುಡಿಗಿಂತ ಅಗ್ಗ. ಓಡುವಾಗ ಮಾತ್ರ ಮಜ್ಜಿಗೆ ಬೇಡ, ನಾನು ಪ್ರಯೋಗ ಮಾಡಿ ಅನುಭವಿಸಿದ್ದೇನೆ. ಬಿ.ಪಿ. ಇದ್ದವರು ಉಪ್ಪಿನ ವಿಷಯದಲ್ಲಿ ಡಾಕ್ಟರನ್ನು ಕೇಳಬೇಕು. ನಿನಗಿಲ್ಲ, ನಿಮ್ಮ ಅಪ್ಪನಿಗಿದೆ, ಅದಕ್ಕೇ ಹೇಳಿದೆ. ನೋವಿನ ಮಾತ್ರೆ ನುಂಗಿ ಲಾಂಗ್ ರನ್ನಿಗೆ ಹೋಗಬೇಡ, ಸೆಕೆಯಲ್ಲಿ ಮೂತ್ರಪಿಂಡಕ್ಕೆ ಅದು ಎರಡನೇ ಪೆಟ್ಟು. ಇನ್ನೊಂದು: ಮೂರು ವಾರ ಮೆತ್ತಗೆ ಓಡಿದ ಮೇಲೂ ಸುಸ್ತು ಹೋಗದಿದ್ದರೆ ಸೆಕೆಯನ್ನೇ ದೂರಬೇಡ, ಫೆರಿಟಿನ್ ಪರೀಕ್ಷೆ ಮಾಡಿಸು. ಸಸ್ಯಾಹಾರಿ ಓಟಗಾರರಲ್ಲಿ ಕಬ್ಬಿಣ ಸದ್ದಿಲ್ಲದೆ ಇಳಿದಿರಬಹುದು.

ಮುಂದಿನದನ್ನು ನಿಧಾನವಾಗಿ ಓದು. ಸುಸ್ತಿಗೆ ಹೆದರಬೇಡ, ಗೊಂದಲಕ್ಕೆ ಹೆದರು. ಸೆಕೆಯಲ್ಲಿ ಚಳಿ ಬಂತು, ಮಾತು ತೊದಲಿತು, ಕಾರಣವಿಲ್ಲದೆ ಸಿಟ್ಟು ಬಂತು, ಹೆಜ್ಜೆ ಓಲಾಡಿತು, ಗೊತ್ತಿರುವ ದಾರಿ ಗೊತ್ತಾಗಲಿಲ್ಲ ಅಂದರೆ ಓಟ ಅಲ್ಲಿಗೆ ಮುಗಿಯಿತು. ಬೆವರುತ್ತಿದ್ದೇನಲ್ಲ, ಉಷ್ಣಾಘಾತ ಆಗಿರಲಾರದು ಅಂದುಕೊಳ್ಳಬೇಡ. ಓಟಗಾರರಿಗೆ ಬೆವರು ಸುರಿಯುತ್ತಿರುವಾಗಲೇ ಆಗುತ್ತದೆ. ಮೈಯೊಳಗಿನ ಶಾಖ 40 ಡಿಗ್ರಿ ಸೆಲ್ಷಿಯಸ್ ದಾಟಿ ತಲೆ ಕೆಟ್ಟರೆ ಉಳಿದಿರುವುದು ನಿಮಿಷಗಳ ಲೆಕ್ಕ. 911ಕ್ಕೆ ಫೋನ್ ಮಾಡಬೇಕು, ಆಂಬುಲೆನ್ಸ್ ಬರುವವರೆಗೆ ಕಾಯದೆ ತಣಿಸಲು ಶುರುಮಾಡಬೇಕು. ಮ್ಯಾಸಚೂಸೆಟ್ಸಿನ ಫಾಲ್ಮತ್‌ನಲ್ಲಿ ಪ್ರತಿ ಆಗಸ್ಟ್ ಏಳು ಮೈಲಿಯ ಓಟ ನಡೆಯುತ್ತದೆ. ಅಲ್ಲಿ ಐಸ್ ನೀರಿನ ತೊಟ್ಟಿಗಳನ್ನು ಸಿದ್ಧವಾಗಿಟ್ಟಿರುತ್ತಾರೆ. ಕುಸಿದವರನ್ನು ಮೊದಲು ಅವುಗಳಲ್ಲಿ ಮುಳುಗಿಸಿ, ಆಮೇಲೆ ಆಸ್ಪತ್ರೆಯ ಮಾತು. ಹಾಗೆ ಎಷ್ಟೋ ಜೀವ ಉಳಿದಿವೆ. ಒಬ್ಬನೇ ಓಡುವವನಿಗೆ ಆ ತೊಟ್ಟಿ ಎಲ್ಲಿಂದ ಬರಬೇಕು? ಜುಲೈ ಆಗಸ್ಟ್‌ನಲ್ಲಿ ಲಾಂಗ್ ರನ್ನಿಗೆ ಒಬ್ಬನೇ ಹೋಗಬೇಡ. ಇದೊಂದು ಮಾತು ಕೇಳು, ಉಳಿದದ್ದನ್ನು ಬೇಕಾದರೆ ಮರೆತುಬಿಡು.

ಅರ್ಹತೆಗೆ ಯಾವ ಓಟ ಅಂತ ನೀನು ಕೇಳಿದ್ದೆ. ಷಿಕಾಗೊ ಬೇಡ. ಓಟ ಚೆನ್ನ, ದಾರಿ ಸಮತಟ್ಟು, ಎಲ್ಲ ನಿಜ. ಆದರೆ ಅದು ಅಕ್ಟೋಬರ್ ಎರಡನೇ ಭಾನುವಾರ. ಹ್ಯೂಸ್ಟನ್ನಿನವನು ಅದಕ್ಕೆ ಸಿದ್ಧನಾಗಬೇಕಾದರೆ ಅತಿ ಕಷ್ಟದ ಓಟಗಳೆಲ್ಲ ಆಗಸ್ಟ್‌ನಲ್ಲೇ ಬೀಳುತ್ತವೆ. ಅಷ್ಟು ಮಾಡಿ ಹೋದ ಮೇಲೆ ಅಲ್ಲೂ ತಂಪು ಸಿಗುತ್ತದೆ ಅಂತ ಯಾರು ಬರೆದುಕೊಟ್ಟಿದ್ದಾರೆ? 2007ರಲ್ಲಿ ಸೆಕೆ ತಾಳಲಾಗದೆ ಓಟವನ್ನೇ ಅರ್ಧಕ್ಕೆ ನಿಲ್ಲಿಸಬೇಕಾಯಿತು. ಬೋಸ್ಟನ್ನೂ ಸಾಚಾ ಅಲ್ಲ ಅನ್ನು. 1976ರಲ್ಲಿ ಬೆಂಕಿಯಂಥ ಬಿಸಿಲಿಗೆ ದಾರಿಯುದ್ದಕ್ಕೂ ಮನೆಯವರು ತೋಟದ ಪೈಪ್ ಹಿಡಿದು ಓಟಗಾರರ ಮೇಲೆ ನೀರು ಚಿಮ್ಮಿಸಿದರು. ಗೆದ್ದ ಜ್ಯಾಕ್ ಫುಲ್ಟ್ಜ್ ಅವರ ಸಮಯ 2:20:19. ಸಮಯಕ್ಕಿಂತ ಹೆಚ್ಚಾಗಿ ಆ ಪೈಪುಗಳಿಂದಲೇ ಆ ವರ್ಷದ ಓಟ ಜನರ ನೆನಪಿನಲ್ಲಿದೆ.

ಸ್ಯಾಕ್ರಮೆಂಟೊ ಡಿಸೆಂಬರ್ ಮೊದಲ ಭಾನುವಾರ. ಫಾಲ್ಸಮ್ ಊರಿನಿಂದ ರಾಜ್ಯದ ಕ್ಯಾಪಿಟಲ್ ಕಟ್ಟಡದವರೆಗೆ, ಏರಿಳಿತ ಇದ್ದರೂ ಒಟ್ಟಾರೆ ಸುಮಾರು ನೂರು ಮೀಟರ್ ಇಳಿಜಾರು. ಹೆದರಬೇಡ, 2027ರ ಓಟದಿಂದ ಬೋಸ್ಟನ್ನಿನವರು ಸಮಯದ ದಂಡ ಹಾಕುವುದು 1,500 ಅಡಿ ಮತ್ತು ಅದಕ್ಕಿಂತ ಹೆಚ್ಚು ಇಳಿಯುವ ಓಟಗಳಿಗೆ. ಮುಖ್ಯ ಕಾರಣ ಬೇರೆ. ಡಿಸೆಂಬರ್ ಅಂದರೆ ನಿನಗೆ ಅಕ್ಟೋಬರ್, ನವೆಂಬರ್ ಎರಡೂ ಸಿಗುತ್ತವೆ.

ಅಕ್ಟೋಬರ್‌ನ ಹೊತ್ತಿಗೆ ಒಂದು ಬೆಳಗ್ಗೆ ಬರುತ್ತದೆ. ಇಲ್ಲಿನವರು ಮೊದಲ ಕೋಲ್ಡ್ ಫ್ರಂಟ್ ಅನ್ನುತ್ತಾರೆ, ಹಬ್ಬಕ್ಕೆ ಕಾದ ಹಾಗೆ ಕಾಯುತ್ತಾರೆ. ರಾತ್ರಿ ಗಾಳಿ ಉತ್ತರಕ್ಕೆ ತಿರುಗಿರುತ್ತದೆ. ಬಾಗಿಲು ತೆಗೆದರೆ ಮುಖಕ್ಕೆ ಒದ್ದೆ ಕಂಬಳಿ ಬೀಳುವುದಿಲ್ಲ. ಹೊರಟ ಮೊದಲ ಮೈಲಿಯಲ್ಲೇ ಏನೋ ಎಡವಟ್ಟಾಗಿದೆ ಅನ್ನಿಸುತ್ತದೆ: ಉಸಿರು ಮೆಲ್ಲಗೆ, ಬಡಿತ ಕೆಳಗೆ, ಕಾಲು ಮಾತ್ರ ತಾನಾಗಿ ಮುಂದೆ. 2023ರಲ್ಲಿ ನನಗೆ ಆ ಬೆಳಗ್ಗೆ ಬಂದಾಗ ಗಡಿಯಾರ ನೋಡಿದರೆ ಹಿಂದಿನ ವಾರಕ್ಕಿಂತ ಮೈಲಿಗೆ ನಲವತ್ತು ಸೆಕೆಂಡ್ ಕಡಿಮೆ, ಅದೇ ಬಡಿತಕ್ಕೆ. ದಾರಿಯಲ್ಲಿ ಒಬ್ಬನೇ ನಕ್ಕೆ. ಅಲ್ಲಿಂದ ಎಂಟು ವಾರ ಇರುತ್ತದೆ. ಪೇಸಿನ ಮಾತು ಆಗ ಆಡೋಣ, ಬೇಕಾದಷ್ಟು ಆಡೋಣ. ಅಲ್ಲಿಯವರೆಗೆ ನಿನ್ನ ಕೆಲಸ ಒಂದೇ: ಮುರಿಯದೆ, ಬೇಸರ ಹಚ್ಚಿಕೊಳ್ಳದೆ, ಕಾಲು ಉಳಿಸಿಕೊಂಡು ಆ ಬೆಳಗಿನವರೆಗೆ ಬರುವುದು.

ಈ ವಾರ ಎರಡು ದಿನ ಪೂರ್ತಿ ವಿಶ್ರಾಂತಿ ತೆಗೆದುಕೋ. ಬುಧವಾರ ನಲವತ್ತು ನಿಮಿಷ, ಗುನುಗುತ್ತಾ. ಶನಿವಾರ ಬೆಳಗ್ಗೆ ನಾಲ್ಕೂವರೆಗೆ ಮೆಮೋರಿಯಲ್ ಪಾರ್ಕಿನ ನಲ್ಲಿಯ ಹತ್ತಿರ ನಾನಿರುತ್ತೇನೆ, ಮೆಕ್ಸಿಕನ್ ಗೆಳೆಯನೂ ಬರುತ್ತಾನೆ. ಎರಡು ಗಂಟೆ ಓಡೋಣ, ಎಷ್ಟು ಮೈಲಿ ಅಂತ ಯಾರೂ ಕೇಳುವುದು ಬೇಡ. ನಿನ್ನ ಗಾರ್ಮಿನ್ ಗಡಿಯಾರ ಮನೆಯಲ್ಲೇ ಬಿಟ್ಟು ಬಾ. ಐಸ್ ನಾನು ತರುತ್ತೇನೆ, ಮಜ್ಜಿಗೆ ನಿನ್ನದು.